ಆರ್ಡರ್ ಎಲ್ಲಿಗೆ ಹೋಗುತ್ತೆ ಅಂತ ನಾವೇ ಹುಡುಕಿದೆವು: ಗಾರ್ಮೆಂಟ್ ಯೂನಿಯನ್‌ನಲ್ಲಿ ನನ್ನ ಅನುಭವ

"ಜಾಸ್ತಿ ಕೇಳಿದರೆ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತೆ." ಈ ಒಂದು ಮಾತಿಗೆ ಹೆದರಿ ಎಷ್ಟು ಯೂನಿಯನ್‌ಗಳು ಬೇಡಿಕೆ ಪಟ್ಟಿ ವಾಪಸ್ ತೆಗೆದುಕೊಂಡಿವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಾವೂ ವರ್ಷಗಟ್ಟಲೆ ಇದನ್ನೇ ಕೇಳಿದ್ದೇವೆ. ಈ ಸಲ ಅದಕ್ಕೆ ನಮ್ಮ ಹತ್ತಿರ ಉತ್ತರ ಇತ್ತು. ಸಂಬಳ ಸುಮಾರು 15 ಪರ್ಸೆಂಟ್ ಏರಿತು, ಕೆಲಸದಿಂದ ತೆಗೆದಿದ್ದ ಪದಾಧಿಕಾರಿಗಳು ಮತ್ತೆ ಒಳಗೆ ಬಂದರು, ಆರ್ಡರ್ ಎಲ್ಲಿಗೂ ಹೋಗಲಿಲ್ಲ. "ಇದೆಲ್ಲ ಕಾಗದದ ಕೆಲಸ, ಗೇಟ್ ಮುಂದೆ ಕೂರದೆ ಏನೂ ಆಗಲ್ಲ" ಎಂದಿದ್ದ ಬೇರೆ ಸಂಘದ ಹಿರಿಯರೇ ಈಗ ಫೋನ್ ಮಾಡಿ, ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನಿಸಿತು.

ನಮ್ಮ ಕಾರ್ಖಾನೆಯಲ್ಲಿ ಸುಮಾರು 1,400 ಜನ. ಮುಕ್ಕಾಲು ಪಾಲು ಹೆಂಗಸರು. ಮಾಲೀಕರಿಗೆ ಇನ್ನೂ ಎರಡು ದೇಶಗಳಲ್ಲಿ ಯೂನಿಟ್ ಇದೆ. 2005ರ ಜನವರಿಯಲ್ಲಿ ಯಾವ ದೇಶ ಎಷ್ಟು ಬಟ್ಟೆ ರಫ್ತು ಮಾಡಬಹುದು ಅಂತ ಮಿತಿ ಹಾಕಿದ್ದ ಕೋಟಾ ಪದ್ಧತಿ ಮುಗಿದ ಮೇಲೆ ಈ ದಂಧೆ ಹೇಗೆ ದೇಶದಿಂದ ದೇಶಕ್ಕೆ ಓಡಾಡುತ್ತಿದೆ ಅಂತ ನಿಮಗೆಲ್ಲ ಗೊತ್ತಿದೆ.

ಮುಂಚೆ ಮಾಡಿದ್ದು ಯಾವುದೂ ಫಲ ಕೊಡಲಿಲ್ಲ. ಮುಷ್ಕರಕ್ಕೆ ಕೂತೆವು. ಕೆಲವೇ ದಿನಕ್ಕೆ ಮ್ಯಾನೇಜ್‌ಮೆಂಟ್ ಕಟ್ ಮಾಡಿಟ್ಟ ಬಟ್ಟೆಯನ್ನೇ ಬಂಡಲ್ ಕಟ್ಟಿ ಲಾರಿಗೆ ಹಾಕಿ ಬೇರೆ ಕಡೆ ಹೊಲಿಸಿಕೊಂಡಿತು. ನಾವು ಗೇಟ್‌ನಲ್ಲೇ ಕೂತು ಆ ಲಾರಿ ಹೋಗೋದನ್ನು ನೋಡಿದೆವು. ಆಮೇಲೆ ಕೋರ್ಟ್‌ಗೆ ಹೋದೆವು. ಸಂಘದ ನಿಧಿಯ ಅರ್ಧಕ್ಕಿಂತ ಜಾಸ್ತಿ ವಕೀಲರ ಫೀಸಿಗೇ ಹೋಯಿತು, ಕೇಸು ಇನ್ನೂ ನಡೆಯುತ್ತಲೇ ಇದೆ. ನಮ್ಮ ಬಟ್ಟೆ ಕೊಳ್ಳುವ ಹೊರದೇಶದ ಬ್ರ್ಯಾಂಡ್, ಅಂದರೆ ಬೈಯರ್ ಕಂಪನಿಗೆ ಇಮೇಲ್ ಹಾಕಿದರೆ "ನಿಮ್ಮ ದೂರು ನಮಗೆ ಮುಖ್ಯ" ಅಂತ ಒಂದು ಸಿದ್ಧ ಉತ್ತರ ಬರುತ್ತಿತ್ತು, ಅಷ್ಟೇ.

ಹೊರದೇಶದ ವಿದ್ಯಾರ್ಥಿಗಳು ಕೆಲವರು ಒಳ್ಳೆ ಮನಸ್ಸಿನಿಂದ ಆ ಬ್ರ್ಯಾಂಡ್ ಬಟ್ಟೆ ಕೊಳ್ಳಬೇಡಿ ಅಂತ ಪ್ರಚಾರ ಮಾಡಿದರು. ಮುಂದಿನ ಸೀಸನ್‌ಗೆ ಆ ಬೈಯರ್ ಆರ್ಡರ್ ಕಡಿಮೆ ಮಾಡಿದ. ಓಟಿ (ಹೆಚ್ಚುವರಿ ಗಂಟೆಯ ಕೆಲಸ) ನಿಂತಿತು, ಮೊದಲು ಮನೆಗೆ ಹೋದವರು ಗುತ್ತಿಗೆಯವರು. ಯಾರು ಏನೇ ಹೇಳಲಿ, ಬಹಿಷ್ಕಾರ ಕೇಳಬೇಡಿ. ನಮಗೆ ಆರ್ಡರ್ ಬೇಕು, ಹೊಲಿಯುವವರಿಗೆ ಅದರಲ್ಲಿ ಸರಿಯಾದ ಪಾಲೂ ಬೇಕು.

ದಾರಿ ಸಿಕ್ಕಿದ್ದು ರಾಣಾ ಪ್ಲಾಜಾದಿಂದ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ಗಾರ್ಮೆಂಟ್ ಕಾರ್ಖಾನೆಗಳಿದ್ದ ಆ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ತರು. ಅಲ್ಲಿ ಹೊಲಿಸುತ್ತಿದ್ದ ಬ್ರ್ಯಾಂಡ್‌ಗಳು ಯಾವುವು ಅಂತ ಪತ್ತೆ ಮಾಡೋಕೆ ಕಾರ್ಮಿಕ ಪರ ಸಂಘಟನೆಗಳು ಅವಶೇಷದಲ್ಲಿ ಲೇಬಲ್ ಹುಡುಕಿದವು. ಕೆಲವೇ ವಾರಗಳಲ್ಲಿ ಇಂಡಸ್ಟ್ರಿಆಲ್ ಮತ್ತು ಯುನಿ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟಗಳ ಜೊತೆ ಬ್ರ್ಯಾಂಡ್‌ಗಳು ಕಾರ್ಖಾನೆಗಳ ಸುರಕ್ಷತೆ ಬಗ್ಗೆ ಕಾನೂನಿಗೆ ಬದ್ಧವಾದ ಒಪ್ಪಂದಕ್ಕೆ ಸಹಿ ಹಾಕಿದವು, ಕೊನೆಗೆ ಸಹಿ ಹಾಕಿದ ಕಂಪನಿಗಳು 200 ದಾಟಿದವು. ಮುಂದೆ ಇದೇ ಒಪ್ಪಂದದ ಮೇಲೆ ಒಕ್ಕೂಟಗಳು ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋದವು. 2018ರಲ್ಲಿ ಒಂದು ಬ್ರ್ಯಾಂಡ್ ರಾಜಿಗೆ ಬಂದು 20 ಲಕ್ಷ ಡಾಲರ್‌ಗೂ ಮೇಲೆ ಕೊಡಲು ಒಪ್ಪಿತು. ಅಷ್ಟು ಜನ ಸತ್ತ ಮೇಲೆ ಲೇಬಲ್ ಹುಡುಕುವ ಬದಲು ನಾವು ಬದುಕಿರುವಾಗಲೇ ಹುಡುಕಬೇಕು ಅಲ್ವಾ? ಅಲ್ಲಿಂದ ಶುರು ಮಾಡಿದೆವು.

ಪ್ಯಾಕಿಂಗ್ ಸೆಕ್ಷನ್‌ನ ಕಾರ್ಟನ್ ಸ್ಟಿಕ್ಕರ್ ನೋಡಿ. ಪಿಒ ನಂಬರ್ (ಖರೀದಿ ಆರ್ಡರ್ ನಂಬರ್), ಸ್ಟೈಲ್ ನಂಬರ್ (ಬಟ್ಟೆಯ ವಿನ್ಯಾಸದ ನಂಬರ್), ಸೈಜು, ಎಷ್ಟು ಪೀಸು, ಯಾವ ಬಂದರಿಗೆ, ಎಲ್ಲ ಅದರಲ್ಲೇ ಇದೆ. ಫೋಟೋ ತೆಗೆದರೆ ಕೆಲಸ ಹೋಗುತ್ತೆ, ಆದ್ದರಿಂದ ಮೊಬೈಲ್ ಮುಟ್ಟಬೇಡಿ ಅಂತ ಮೊದಲೇ ಹೇಳಿದ್ದೆ. ಫಿನಿಶಿಂಗ್‌ನ ಅಕ್ಕಂದಿರು ಒಬ್ಬೊಬ್ಬರು ಎರಡೆರಡು ನಂಬರ್ ನೆನಪಿಟ್ಟುಕೊಂಡು ಶಿಫ್ಟ್ ಮುಗಿದ ಮೇಲೆ ಒಂದು ನೋಟ್‌ಬುಕ್‌ಗೆ ಬರೆಸುತ್ತಿದ್ದರು. ಕೆಲವು ತಿಂಗಳಲ್ಲಿ ಆ ನೋಟ್‌ಬುಕ್ ನೋಡಿದರೆ ಯಾವ ಬೈಯರ್‌ಗೆ ಎಷ್ಟು ಹೋಗುತ್ತೆ, ಯಾವ ತಿಂಗಳು ಅವರಿಗೆ ಅರ್ಜೆಂಟು ಅಂತ ನಮ್ಮ ಎಚ್‌ಆರ್‌ಗಿಂತ ಚೆನ್ನಾಗಿ ನಮಗೇ ಗೊತ್ತಿತ್ತು. ಒಬ್ಬನೇ ಬೈಯರ್ ಸುಮಾರು ಶೇ. 60ರಷ್ಟು ಮಾಲು ತೆಗೆದುಕೊಳ್ಳುತ್ತಿದ್ದ. ಹಡಗಿನ ದಿನಾಂಕ ಹೇಗೆ ಸಿಗುತ್ತಿತ್ತು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೊಟ್ಟವರು ಇನ್ನೂ ಕೆಲಸದಲ್ಲಿದ್ದಾರೆ.

ಆಮೇಲೆ ಆ ಬೈಯರ್ ಯಾವ ಕಾಗದಕ್ಕೆ ಸಹಿ ಹಾಕಿದ್ದಾನೆ ಅಂತ ನೋಡಿದೆವು. ಇಂಡಿಟೆಕ್ಸ್ 2007ರಲ್ಲಿ, ಎಚ್ ಅಂಡ್ ಎಂ 2015ರಲ್ಲಿ ಮಾಡಿಕೊಂಡ ಹಾಗೆ ಹಲವು ಕಂಪನಿಗಳು ಜಾಗತಿಕ ಒಕ್ಕೂಟದ ಜೊತೆ ಚೌಕಟ್ಟು ಒಪ್ಪಂದ ಮಾಡಿಕೊಂಡಿವೆ. ಸಂಘ ಕಟ್ಟುವ ಹಕ್ಕು, ಸಾಮೂಹಿಕ ಚೌಕಾಸಿಯ ಹಕ್ಕು, ಅಂದರೆ ವಿಶ್ವಸಂಸ್ಥೆಯ ಕಾರ್ಮಿಕ ಸಂಸ್ಥೆಯಾದ ಐಎಲ್‌ಒದ 87 ಮತ್ತು 98ನೇ ಒಡಂಬಡಿಕೆಗಳಲ್ಲಿ ಇರೋದು, ಅವರಿಗೆ ಮಾಲು ಕೊಡುವ ಕಾರ್ಖಾನೆಗಳಲ್ಲೂ ನಡೆಯಬೇಕು ಅಂತ ಅದರಲ್ಲಿ ಬರೆದಿರುತ್ತಾರೆ. ನಮ್ಮ ಬೈಯರ್‌ನದ್ದೂ ಇತ್ತು. ನಮ್ಮ ಕಾರ್ಖಾನೆಯಲ್ಲಿ ಅದನ್ನು ಓದಿದವರು ಒಬ್ಬರೂ ಇರಲಿಲ್ಲ. ಹೆಸರು ಬರೆಯುವಂತಿಲ್ಲ, ರಾಜಿಯಲ್ಲಿ ಆ ಷರತ್ತಿದೆ.

ಮಧ್ಯೆ ಒಇಸಿಡಿ ಅನ್ನೋ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದ ದಾರಿಯನ್ನೂ ನೋಡಿದೆವು. ಬಹುರಾಷ್ಟ್ರೀಯ ಕಂಪನಿಗಳಿಗೆ 1976ರಿಂದಲೇ ಅವರ ಮಾರ್ಗಸೂಚಿ ಇದೆ. ಆ ಮಾರ್ಗಸೂಚಿ ಮುರಿದ ದೂರು ಕೇಳುವ, ಬೈಯರ್ ದೇಶದ ಸಂಪರ್ಕ ಕೇಂದ್ರಕ್ಕೆ ದೂರು ಕೊಟ್ಟೆವು. ಅನುವಾದಕ್ಕೆ ಮಾತ್ರ ಖರ್ಚಾಯಿತು. ವರ್ಷ ಕಳೆದರೂ ಪತ್ರದ ಮೇಲೆ ಪತ್ರ, ಬೇರೇನೂ ಇಲ್ಲ. ಶಿಕ್ಷೆ ಕೊಡುವ ಅಧಿಕಾರ ಅವರಿಗಿಲ್ಲ. ಅದನ್ನೊಂದನ್ನೇ ನಂಬಿ ಕೂರಬೇಡಿ. ಬೈಯರ್ ಫ್ರಾನ್ಸ್‌ನವನೋ ಜರ್ಮನಿಯವನೋ ಆದರೆ ಕಥೆ ಬೇರೆ, ಮಾಲು ಕೊಡುವ ಕಾರ್ಖಾನೆಗಳ ಬಗ್ಗೆ ದೊಡ್ಡ ಕಂಪನಿಗಳಿಗೇ ಹೊಣೆ ಹೊರಿಸುವ 2017ರ ಮತ್ತು 2021ರ ಪೂರೈಕೆ ಸರಪಳಿ ಕಾಯ್ದೆಗಳು ಅಲ್ಲಿವೆ.

ನಿಜವಾಗಿ ಕೆಲಸಕ್ಕೆ ಬಂದಿದ್ದು ನಮ್ಮದೇ ಮಾಲೀಕರ ಇನ್ನೊಂದು ದೇಶದ ಯೂನಿಟ್‌ನಲ್ಲಿರುವ ಸಂಘ. ಜಾಗತಿಕ ಒಕ್ಕೂಟದ ಮೂಲಕ ಅವರ ಫೋನ್ ನಂಬರ್ ಸಿಕ್ಕಿತು. ಭಾಷೆ ಬರಲ್ಲ. ಮೊಬೈಲ್ ಅನುವಾದ ಇಟ್ಟುಕೊಂಡು ಮಾತಾಡಿದರೆ ಇಬ್ಬರಿಗೂ ತಲೆಬುಡ ತಿಳಿಯುತ್ತಿರಲಿಲ್ಲ. ಆಮೇಲೆ ಮಾತು ಬಿಟ್ಟು ಅಂಕಿ ಕಳಿಸೋಕೆ ಶುರು ಮಾಡಿದೆವು. ಸ್ಟೈಲ್ ನಂಬರ್, ದಿನದ ಟಾರ್ಗೆಟ್, ಓಟಿ ಗಂಟೆ, ಸಂಬಳದ ಚೀಟಿ. ಅಂಕಿಗೆ ಅನುವಾದ ಬೇಡ.

ಜೊತೆಗೇ ಇನ್ನೊಂದು ಲೆಕ್ಕ ಹಾಕಿದೆ, ಇದನ್ನು ಎಲ್ಲರೂ ಮಾಡಿ ನೋಡಬೇಕು. ನಮ್ಮ ಫಾರ್ಮಲ್ ಶರ್ಟ್‌ಗೆ ಸ್ಯಾಮ್, ಅಂದರೆ ಒಂದು ಪೀಸ್ ಹೊಲಿಯಲು ನಿಗದಿ ಮಾಡಿದ ಸಮಯ, ಸುಮಾರು 22 ನಿಮಿಷ. ಲೈನ್ ಎಫಿಶಿಯೆನ್ಸಿ, ಅಂದರೆ ಆ ನಿಗದಿಗೆ ಹೋಲಿಸಿದರೆ ಲೈನಿನ ನಿಜವಾದ ವೇಗ, 60 ಪರ್ಸೆಂಟ್ ಅಂದುಕೊಂಡರೆ ನಿಜವಾಗಿ ಹಿಡಿಯೋದು 37 ನಿಮಿಷ. 15 ಪರ್ಸೆಂಟ್ ಸಂಬಳ ಏರಿಸಿದರೆ ಒಂದು ಶರ್ಟ್ ಮೇಲೆ ಬೀಳೋದು ಐದೂವರೆ ನಿಮಿಷದ ಕೂಲಿ. ಆ ಶರ್ಟ್ ಹೊರದೇಶದ ಅಂಗಡಿಯಲ್ಲಿ ಮಾರುವ ಬೆಲೆಯಲ್ಲಿ ಇದು ನೂರಕ್ಕೆ ಒಂದು ಪಾಲೂ ಆಗುತ್ತಿರಲಿಲ್ಲ. ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಬೈಯರ್ ಕಡೆಯವರ ಮುಂದೆ ಇಟ್ಟೆವು. ಅವರ ಹುಡುಗ ಕ್ಯಾಲ್ಕುಲೇಟರ್ ತೆಗೆದು ಅಲ್ಲೇ ಹಾಕಿ ನೋಡಿದ. ತಪ್ಪು ಸಿಗಲಿಲ್ಲ.

ಮಾತುಕತೆಯ ದಿನ ಫ್ಯಾಕ್ಟರಿ ಮ್ಯಾನೇಜರ್ ಹಳೇ ಮಾತನ್ನೇ ತೆಗೆದರು. ಎರಡು ಸ್ಟೈಲ್ ಆಗಲೇ ಆ ದೇಶದ ಯೂನಿಟ್‌ಗೆ ಹೊರಟಿವೆ, ಸಹಿ ಹಾಕಿದರೆ ಉಳಿಸಬಹುದು ಅಂದರು. ನಮ್ಮ ಕಾರ್ಯದರ್ಶಿ ಅಕ್ಕ ಸುಮ್ನೆ ಒಂದು ಹಾಳೆ ಮುಂದೆ ತಳ್ಳಿದರು. ಆ ಯೂನಿಟ್‌ನ ಲೈನ್ ಪ್ಲಾನ್ ಅದು, ಯಾವ ಲೈನಿನಲ್ಲಿ ಯಾವ ಸ್ಟೈಲ್ ಎಷ್ಟು ದಿನ ಅಂತ ಅದರಲ್ಲಿರುತ್ತೆ. ಅಲ್ಲಿ ಎಲ್ಲ ಲೈನೂ ಭರ್ತಿ, ರಾತ್ರಿ ಒಂಬತ್ತರ ತನಕ ಓಟಿ, ಹೊಸ ಸ್ಟೈಲ್ ಹಾಕಲು ಇನ್ನೂ ನಾಲ್ಕು ತಿಂಗಳು ಜಾಗವಿಲ್ಲ. "ಸಾರ್, ಯಾವ ಲೈನಿಗೆ ಹಾಕ್ತೀರಿ, ಇದರಲ್ಲಿ ತೋರಿಸಿ" ಅಂದರು ಅಕ್ಕ. ಮ್ಯಾನೇಜರ್ ಟೀ ಬ್ರೇಕ್ ಕೇಳಿದರು. ಬ್ರೇಕ್ ಆದ ಮೇಲೆ ಆ ಎರಡು ಸ್ಟೈಲ್ ಮಾತು ಮತ್ತೆ ಬರಲಿಲ್ಲ.

ಖರ್ಚು ಒಟ್ಟು ಹಾಕಿದರೆ ಅನುವಾದ, ಫೋನು, ಓಡಾಟ ಸೇರಿ ಹಳೇ ಕೋರ್ಟ್ ಕೇಸಿಗೆ ಹೋದದ್ದರ ಕಾಲು ಭಾಗವೂ ಇಲ್ಲ. ಜಾಸ್ತಿ ಜಗಳ ಆಗಿದ್ದು ನಮ್ಮೊಳಗೇ, ಗುತ್ತಿಗೆಯವರನ್ನು ಸದಸ್ಯರಾಗಿ ಸೇರಿಸುವಾಗ. ಅರ್ಧ ಚಂದಾಕ್ಕೆ ಪೂರ್ತಿ ಹಕ್ಕು ಯಾಕೆ ಅಂತ ಹಳಬರು ಕೂಗಾಡಿದರು. ಆದರೆ ಮುಷ್ಕರ ಮುರಿಯಲು ಮೊದಲು ಕರೆಯೋದೇ ಅವರನ್ನು, ಅವರು ಹೊರಗಿದ್ದರೆ ಈ ನೋಟ್‌ಬುಕ್ ಏನೂ ಮಾಡಲ್ಲ. ನಿಯಮ ತಿದ್ದುಪಡಿ ಪಾಸಾಯಿತು. 300ರ ಆಸುಪಾಸು ಇದ್ದ ಸದಸ್ಯರು ಈಗ 900 ದಾಟಿದ್ದಾರೆ.

ಈಗಿನ ಒಪ್ಪಂದ ಯಾವಾಗ ಮುಗಿಯಬೇಕು ಅನ್ನೋದನ್ನು ಈ ಸಲ ನಾವೇ ಹೇಳಿ ಬರೆಸಿದ್ದೇವೆ. ಆ ದೇಶದ ಸಂಘದ ಒಪ್ಪಂದವೂ ಅದೇ ತಿಂಗಳು ಮುಗಿಯುತ್ತೆ. ಮೂರನೇ ಯೂನಿಟ್‌ನಲ್ಲಿ ಇನ್ನೂ ಸಂಘ ಇಲ್ಲ. ಅಲ್ಲಿನ ಇಬ್ಬರು ಟೈಲರ್‌ಗಳು ಹೋದ ತಿಂಗಳಿಂದ ಸ್ಟೈಲ್ ನಂಬರ್ ಕಳಿಸುತ್ತಿದ್ದಾರೆ.