ಮನೇಲಿ ಖನಿಜ ಸಾಕ್ತಿದ್ದೀರಾ? ಹಾಗಾದ್ರೆ ಇಷ್ಟು ತಿಳ್ಕೊಂಡಿರಿ

ನಾಯಿಗೆ ಹಸಿವಾದ್ರೆ ಬೊಗಳಿ ಹೇಳುತ್ತೆ, ಬೆಕ್ಕಿಗೆ ಸಿಟ್ಟು ಬಂದ್ರೆ ಪರಚುತ್ತೆ, ಆದ್ರೆ ಖನಿಜ ಪಾಪ ಏನಾದ್ರೂ ಬಾಯಿಬಿಡಲ್ಲ, ಕರಗ್ತಾ ಇದ್ರೂ ಸುಮ್ನೆ ಕರಗುತ್ತೆ, ಬಣ್ಣ ಹೋಗ್ತಾ ಇದ್ರೂ ಸುಮ್ನೆ ಹೋಗುತ್ತೆ. ಅದಕ್ಕೇ ಅದನ್ನ ಸಾಕೋದು ಸುಲಭ ಅಂತ ಎಲ್ರೂ ಅಂದ್ಕೊಂಡಿರೋದು. 1975ರಲ್ಲಿ ಅಮೆರಿಕದಲ್ಲಿ ಗ್ಯಾರಿ ಡಾಲ್ ಅನ್ನೋ ಜಾಹೀರಾತು ಬರೆಯೋ ಮನುಷ್ಯ ಮಾಮೂಲಿ ಕಲ್ಲನ್ನ ಗಾಳಿಯಾಡೋ ತೂತಿರೋ ಡಬ್ಬಿಲಿ ಹುಲ್ಲು ಹಾಸಿ ಕೂರಿಸಿ ಸಾಕುಕಲ್ಲು ಅಂತ ಮಾರಿದ್ದ. ಆ ಕಲ್ಲಿಗೆ ನಿಜವಾಗ್ಲೂ ಯಾವ ಆರೈಕೆನೂ ಬೇಕಿರ್ಲಿಲ್ಲ, ಆದ್ರೆ ಖನಿಜದ ವಿಷ್ಯ ಹಾಗಲ್ಲ.

ಕಲ್ಲು ಅನ್ನೋದು ಕೂಡುಕುಟುಂಬ ಇದ್ದ ಹಾಗೆ, ಒಂದು ಗ್ರಾನೈಟ್ ತುಂಡಲ್ಲೇ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಎಲ್ಲಾ ಒಟ್ಟಿಗೆ ಇರ್ತಾವೆ. ಖನಿಜ ಅಂದ್ರೆ ಆ ಮನೆಯ ಒಬ್ರೇ ಒಬ್ರು. ಅವರದ್ದೇ ರಾಸಾಯನಿಕ ರಚನೆ, ಅವರದ್ದೇ ಸ್ವಭಾವ. ಇಲ್ಲಿವರೆಗೆ ಗುರುತಿಸಿರೋ ಖನಿಜಗಳು 6000ಕ್ಕೂ ಹೆಚ್ಚಿವೆ, ಎಲ್ಲಕ್ಕೂ ಒಂದೇ ಥರದ ಆರೈಕೆ ಮಾಡ್ತೀನಿ ಅಂತ ಹೊರಟ್ರೆ ಯಾವುದೋ ಒಂದನ್ನ ಕಳ್ಕೊಳ್ಳೋದು ಗ್ಯಾರಂಟಿ. ಹಾಗಾಗಿ ಮೊದಲನೇ ಕೆಲಸ, ಮನೆಗೆ ಬಂದಿರೋರು ಯಾರು ಅಂತ ತಿಳ್ಕೊಳ್ಳೋದು.

ಅದಕ್ಕೆ ಲ್ಯಾಬ್ ಏನೂ ಬೇಡ. 1812ರಲ್ಲಿ ಫ್ರೆಡ್ರಿಕ್ ಮೋಸ್ ಅನ್ನೋ ಜರ್ಮನಿಯ ಖನಿಜತಜ್ಞರು ಯಾವ ಖನಿಜ ಯಾವುದನ್ನ ಗೀಚುತ್ತೆ ಅಂತ ನೋಡಿ 1ರಿಂದ 10ರವರೆಗೆ ಗಡಸುತನದ ಅಳತೆ ಮಾಡಿಟ್ಟಿದ್ದಾರೆ, ಇವತ್ತಿಗೂ ಅದೇ ನಡೀತಿದೆ. ನಿಮ್ಮ ಉಗುರು ಅದರಲ್ಲಿ ಸುಮಾರು ಎರಡೂವರೆ, ಕಿಟಕಿ ಗಾಜು ಸುಮಾರು ಐದೂವರೆ. ಉಗುರಲ್ಲೇ ಗೀರು ಬಿತ್ತು ಅಂದ್ರೆ ಜಿಪ್ಸಂ ಥರದ್ದು, ಗಾಜನ್ನೇ ಗೀಚ್ತು ಅಂದ್ರೆ ಬೆಣಚುಕಲ್ಲು ಇರಬಹುದು, ಅದರ ನಂಬರ್ 7. ಸುಣ್ಣದಕಲ್ಲಲ್ಲಿರೋ ಕ್ಯಾಲ್ಸೈಟಾ ಅಂತ ಅನುಮಾನ ಇದ್ರೆ ಅಡಿಯಿಂದ ಒಂಚೂರು ಪುಡಿ ಕೆರೆದು ಅದರ ಮೇಲೆ ಒಂದು ಹನಿ ವಿನೆಗರ್ ಬಿಡಿ, ಗುಳ್ಳೆ ಬಂದ್ರೆ ಅದೇ ಇರಬಹುದು. ಇನ್ನೊಂದು ನಂಗೆ ತುಂಬಾ ಇಷ್ಟದ ಪರೀಕ್ಷೆ ಅಂದ್ರೆ ಪಾಲಿಶ್ ಇಲ್ಲದ ಟೈಲ್ಸ್ ಹಿಂಭಾಗಕ್ಕೆ ಉಜ್ಜೋದು, ಹೆಮಟೈಟ್ ಮೇಲ್ನೋಟಕ್ಕೆ ಉಕ್ಕಿನ ಥರ ಕಪ್ಪಗೆ ಹೊಳೀತಿದ್ರೂ ಅಲ್ಲಿ ಕೆಂಪು ಗೆರೆನೇ ಎಳೆಯುತ್ತೆ, ಬಂಗಾರದ ಥರ ಮಿರುಗೋ ಪೈರೈಟ್ ಕಪ್ಪು ಗೆರೆ ಎಳೆಯುತ್ತೆ. ಏನೇ ಪರೀಕ್ಷೆ ಮಾಡಿ, ಅದರ ಮುಖದ ಮೇಲೆ ಮಾತ್ರ ಬೇಡ, ಕಾಣದೇ ಇರೋ ಅಡಿಭಾಗದಲ್ಲಿ ಮಾಡಿ.

ಈಗ ಸ್ನಾನದ ವಿಷ್ಯ, ಎಲ್ರೂ ಎಡವೋದು ಇಲ್ಲೇ. ಬೆಣಚುಕಲ್ಲಿಗೆ ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತಗಿರೋ ಹಳೇ ಟೂತ್‌ಬ್ರಷ್ ಸಾಕು. ಆದ್ರೆ ಕಲ್ಲುಪ್ಪಿನ ಹರಳು ಅಂದ್ರೆ ಹ್ಯಾಲೈಟ್ ಇದೆಯಲ್ಲ, ಅದಕ್ಕೆ ನೀರೇ ಶತ್ರು, ಒಂದು ಲೀಟರ್ ನೀರಲ್ಲಿ ಸುಮಾರು 360 ಗ್ರಾಂ ಕರಗಿ ಹೋಗುತ್ತೆ. ನನ್ ಹತ್ರ ಒಂದಿತ್ತು, ಅಳತೆ ಹಿಡಿದು ಕಡೆದ ಹಾಗೆ ಚೌಕ ಚೌಕವಾಗಿ, ಧೂಳು ಕೂತಿದೆ ಅಂತ ನಲ್ಲಿ ಕೆಳಗೆ ಹಿಡಿದೆ, ಒಂದೇ ನಿಮಿಷ ಅಷ್ಟೇ, ಆ ಚೂಪು ಅಂಚುಗಳೆಲ್ಲಾ ಮುಗಿದುಹೋದ ಸೋಪಿನ ಥರ ಸವೆದುಹೋಯ್ತು. ತುಂಬಾ ದಿನ ಬೇಜಾರಾಗಿತ್ತು, ಇವತ್ತಿಗೂ ಅದನ್ನ ಇಟ್ಕೊಂಡಿದೀನಿ. ಅದಕ್ಕೆ ಒಣ ಬ್ರಷ್ ಮಾತ್ರ. ಗಾಳಿಯ ತೇವ ಶೇಕಡಾ 75 ದಾಟಿದ್ರೆ ಅದು ಗಾಳಿಯಿಂದಲೇ ನೀರು ಎಳ್ಕೊಂಡು ಬೆವರೋಕೆ ಶುರು ಮಾಡುತ್ತೆ, ಆದ್ದರಿಂದ ಮುಚ್ಚಳ ಬಿಗಿ ಇರೋ ಡಬ್ಬಿಲಿ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜಿಪ್ಸಂ ಕರಗೋದು ಲೀಟರಿಗೆ 2 ಗ್ರಾಂ ಚಿಲ್ಲರೆ ಅಷ್ಟೇ, ಆದ್ರೂ ನೆನೆಹಾಕಿದ್ರೆ ಹೊಳಪು ಹೋಗುತ್ತೆ. ಫ್ಲೋರೈಟ್‌ಗೆ ಬಿಸಿನೀರಿಂದ ತಣ್ಣೀರಿಗೆ ಹಾಕೋದು ಆಗಿಬರಲ್ಲ, ಅದು ನಾಲ್ಕು ದಿಕ್ಕಲ್ಲಿ ನೀಟಾಗಿ ಸೀಳೋ ಖನಿಜ, ಶಾಕ್ ಆದ್ರೆ ಬಿರುಕು ಬಿಟ್ಟುಬಿಡುತ್ತೆ. ವಿನೆಗರ್ ಹಾಕಿ ಫಳಫಳ ಮಾಡ್ತೀನಿ ಅಂತ ಕ್ಯಾಲ್ಸೈಟ್ ಹತ್ರ ಮಾತ್ರ ಹೋಗ್ಬೇಡಿ.

ಬಿಸಿಲು. ಅಮೆಥಿಸ್ಟ್‌ನ ನೇರಳೆ ಬಣ್ಣ ಬರೋದು ಅದರೊಳಗಿರೋ ಚೂರು ಕಬ್ಬಿಣ ಮತ್ತೆ ನೆಲದೊಳಗೆ ಅದಕ್ಕೆ ತಗುಲಿದ ಸಹಜ ವಿಕಿರಣದಿಂದ. ಭೂಮಿ ಅಷ್ಟು ನಿಧಾನವಾಗಿ ಹಚ್ಚಿದ ಬಣ್ಣನ ಕಿಟಕಿಯ ಬಿಸಿಲು ವರ್ಷಗಟ್ಟಲೆ ಬಿದ್ರೆ ಮಂಕು ಮಾಡಿಬಿಡುತ್ತೆ. ಕಿತ್ತಳೆಗೆಂಪು ರಿಯಾಲ್ಗರ್ ಅಂತೂ ಬೆಳಕಲ್ಲೇ ಹಳದಿ ಪುಡಿಯಾಗ್ತಾ ಹೋಗುತ್ತೆ, ಅದನ್ನ ಕತ್ತಲಲ್ಲೇ ಇಡ್ಬೇಕು. ಸ್ಫಟಿಕದ ಗೋಲಿ ಇಟ್ಕೊಂಡಿರೋರಿಗೆ ಇನ್ನೊಂದು ಮಾತು, ಅದು ಭೂತಗನ್ನಡಿ ಥರ ಬಿಸಿಲನ್ನ ಒಂದೇ ಕಡೆ ಸೇರಿಸುತ್ತೆ, ಪಕ್ಕದಲ್ಲಿ ಪರದೆನೋ ಪೇಪರೋ ಇದ್ರೆ ಬೆಂಕಿ ಹತ್ಕೊಳ್ಳುತ್ತೆ, ಇದು ನಿಜವಾಗ್ಲೂ ಆಗಿರೋ ವಿಷ್ಯ. ಓಪಲ್‌ಗೂ ಶಾಖ ಬೇಡ, ಅದರೊಳಗೇ ನೀರಿರುತ್ತೆ, ಒಣಗಿದ್ರೆ ಮೈತುಂಬಾ ಸಣ್ಣ ಬಿರುಕು.

ಪೈರೈಟ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಅದಕ್ಕೆ ಕಾಯಿಲೆ ಬರುತ್ತೆ. ಕಬ್ಬಿಣ ಮತ್ತೆ ಗಂಧಕ ಸೇರಿ ಆಗಿರೋದು ಅದು, ತೇವ ಇರೋ ಗಾಳಿ ತಗುಲ್ತಾ ಇದ್ರೆ ಆಕ್ಸಿಜನ್ ಜೊತೆ ಸೇರಿ ಸಲ್ಫ್ಯೂರಿಕ್ ಆಸಿಡ್ ಮತ್ತೆ ಕಬ್ಬಿಣದ ಸಲ್ಫೇಟ್ ಆಗುತ್ತೆ. ಎಲ್ಲಾ ಪೈರೈಟ್‌ಗೂ ಹೀಗಾಗಲ್ಲ, ದೊಡ್ಡ ಗಟ್ಟಿ ಹರಳುಗಳು ತುಂಬಾ ಕಾಲ ಹಾಗೇ ಹೊಳೀತಾ ಇರ್ತಾವೆ, ಆದ್ರೆ ಸಣ್ಣ ಕಣಗಳದ್ದು, ಮತ್ತೆ ಅದರ ದಾಯಾದಿ ಮಾರ್ಕಸೈಟ್, ಇವು ಬೇಗ ಸಿಕ್ಕಿಬೀಳ್ತಾವೆ. ಡಬ್ಬಿ ತೆಗೆದಾಗ ಗಂಧಕದ ಘಾಟು ಬಂದ್ರೆ, ಮೈಮೇಲೆ ಬಿಳಿ ಅಥವಾ ಹಳದಿ ಪುಡಿ ಕಂಡ್ರೆ, ಶುರುವಾಯ್ತು ಅಂತ ಲೆಕ್ಕ. ಆ ಆಸಿಡ್ ಡಬ್ಬಿನೂ ತಿನ್ನುತ್ತೆ, ಚೀಟಿನೂ ತಿನ್ನುತ್ತೆ, ಪಕ್ಕದಲ್ಲಿರೋ ಕ್ಯಾಲ್ಸೈಟನ್ನೂ ಬಿಡಲ್ಲ. ತಕ್ಷಣ ಬೇರೆ ಡಬ್ಬಿಗೆ ಹಾಕಿ, ಒಣ ಬ್ರಷ್‌ನಲ್ಲಿ ಪುಡಿ ಕೊಡವಿ, ಸಿಲಿಕಾ ಜೆಲ್ ಜೊತೆ ಇಟ್ಟು ಅದು ನೆನೆದಾಗೆಲ್ಲ ಬದಲಾಯಿಸ್ತಾ ಇರಿ. ಪೂರ್ತಿ ವಾಸಿ ಆಗಲ್ಲ, ನಿಧಾನ ಮಾಡಬಹುದು ಅಷ್ಟೇ. ನೀರಲ್ಲಿ ತೊಳೆದು ಹಸಿಯಾಗೇ ಇಡೋದು ಮಾತ್ರ ಯಾವತ್ತೂ ಬೇಡ.

ನಿಮ್ಮ ಆರೋಗ್ಯನೂ ನೋಡ್ಕೊಳ್ಳಿ. ಗ್ಯಾಲೆನಾದಲ್ಲಿ ಸೀಸ ಇದೆ, ಸಿನಬಾರ್‌ನಲ್ಲಿ ಪಾದರಸ, ರಿಯಾಲ್ಗರ್‌ನಲ್ಲಿ ಆರ್ಸೆನಿಕ್. ಮುಟ್ಟಿದ್ಮೇಲೆ ಕೈ ತೊಳೀರಿ, ಬಿಸಿ ಮಾಡ್ಬೇಡಿ, ಉಜ್ಜಿ ಪುಡಿ ಮಾಡ್ಬೇಡಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನಾರುನಾರಾಗಿರೋ ಆಸ್ಬೆಸ್ಟಾಸ್ ಜಾತಿದು ಏನಾದ್ರೂ ಬಂದ್ರೆ ಸೀಲ್ ಆದ ಡಬ್ಬಿಯಿಂದ ತೆಗೀಲೇಬೇಡಿ. ಕುಡಿಯೋ ನೀರಿಗೆ ಹರಳು ಹಾಕೋ ಅಭ್ಯಾಸ ದಯವಿಟ್ಟು ಬಿಟ್ಬಿಡಿ.

ಹಾಗಂತ ಬರೀ ಡಬ್ಬಿಲಿ ಕೂಡಿಹಾಕ್ಬೇಡಿ, ಆಗಾಗ ಅದರ ಜೊತೆ ಆಟ ಆಡಿ. ಪಾರದರ್ಶಕ ಕ್ಯಾಲ್ಸೈಟನ್ನ ಅಕ್ಷರದ ಮೇಲಿಟ್ರೆ ಒಂದೊಂದು ಅಕ್ಷರನೂ ಎರಡೆರಡಾಗಿ ಕಾಣುತ್ತೆ, 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ರಾಸ್ಮಸ್ ಬಾರ್ತೊಲಿನ್ ಇದನ್ನ ನೋಡಿ ಬರೆದಿಟ್ಟಿದ್ರು, ಇವತ್ತು ನೋಡೋರಿಗೂ ಅಷ್ಟೇ ಆಶ್ಚರ್ಯ ಆಗುತ್ತೆ. ಫ್ಲೋರೈಟ್ ಮೇಲೆ ಕತ್ತಲಲ್ಲಿ ಯುವಿ ಟಾರ್ಚ್ ಬಿಡಿ, ಎಷ್ಟೋ ಹರಳುಗಳು ನೀಲಿ ನೀಲಿಯಾಗಿ ಬೆಳಗ್ತಾವೆ, ಫ್ಲೋರೆಸೆನ್ಸ್ ಅನ್ನೋ ಪದ ಹುಟ್ಟಿದ್ದೇ ಇದರ ಹೆಸರಿಂದ, 1852ರಲ್ಲಿ. ಎರಡು ಮಾಮೂಲಿ ಬೆಣಚುಕಲ್ಲನ್ನ ಕಗ್ಗತ್ತಲಲ್ಲಿ ಜೋರಾಗಿ ಉಜ್ಜಿದ್ರೆ ಒಳಗೆ ಮಸುಕಾಗಿ ಬೆಳಕು ಮಿಂಚುತ್ತೆ, ಚೂರು ಹಾರುತ್ತೆ ಕನ್ನಡಕ ಹಾಕ್ಕೊಳ್ಳಿ, ನೀವು ಸಾಕಿರೋದನ್ನ ಇದಕ್ಕೆ ಬಳಸ್ಬೇಡಿ. ಎತ್ತುವಾಗ ಹರಳಿನ ತುದಿ ಹಿಡೀದೆ ಕೆಳಗಿನ ಬುಡದ ಕಲ್ಲು ಹಿಡಿದು ಎತ್ತಿ, ಕೆಳಗೆ ಒಂದು ಮಡಚಿದ ಟವೆಲ್ ಇರ್ಲಿ.

ಕೊನೇದು, ಚೀಟಿ. ಮುದ್ದಿನ ಹೆಸರು ಏನು ಬೇಕಾದ್ರೂ ಇಡಿ, ಆದ್ರೆ ಯಾವ ಖನಿಜ, ಯಾವ ಜಾಗದಲ್ಲಿ ಸಿಕ್ತು, ಯಾವಾಗ, ಯಾರು ಕೊಟ್ರು ಅನ್ನೋದನ್ನ ಬಂದ ದಿನವೇ ಬರೀರಿ. ಊರು ಗೊತ್ತಿಲ್ಲದ ಖನಿಜ ಎಷ್ಟು ಚೆಂದ ಇದ್ರೂ ಅಧ್ಯಯನಕ್ಕೆ ಅಷ್ಟಾಗಿ ಉಪಯೋಗಕ್ಕೆ ಬರಲ್ಲ, ಎಲ್ಲಿದು ಅಂತ ಆಮೇಲೆ ನೋಡಿ ಹೇಳೋದು ಹೆಚ್ಚಿನ ಸಲ ಆಗಲ್ಲ. ಚೀಟಿ ಕಳೆದುಹೋಗಬಹುದು, ಅದಕ್ಕೇ ಅಡಿಭಾಗದಲ್ಲಿ ಒಂದು ಬೊಟ್ಟಿನಷ್ಟು ಬಿಳಿ ಪೇಂಟ್ ಹಚ್ಚಿ, ಒಣಗಿದ ಮೇಲೆ ಸಣ್ಣ ಪೆನ್ನಲ್ಲಿ ಒಂದು ನಂಬರ್ ಬರೆದು, ಅದೇ ನಂಬರನ್ನ ನೋಟ್‌ಬುಕ್ಕಲ್ಲೂ ಬರೆದಿಡಿ.