ಬೆಳಕು ನೋಡಿ ಏಳುವ, ಇಳಿಯುವ ಕಿಟಕಿ ಪರದೆ: ನಾನು ಮಾಡಿದ ಬಗೆ

ಕತ್ತಲಾದಾಗ ತಾನೇ ಇಳಿದು, ಬೆಳಗಾದಾಗ ತಾನೇ ಮೇಲೇಳುವ ರೋಲರ್ ಪರದೆ ನನಗೆ ಬೇಕಿತ್ತು, ಮಾಡಿಕೊಂಡೆ. ಇಂಥ ಕೆಲಸಕ್ಕೆ ಕೈ ಹಾಕುವವರು ಸಾಮಾನ್ಯವಾಗಿ ಮೈಕ್ರೋಕಂಟ್ರೋಲರ್ ಬೋರ್ಡ್‌ನಿಂದಲೇ (ಪ್ರೋಗ್ರಾಮ್ ತುಂಬಿ ನಡೆಸುವ ಪುಟ್ಟ ಕಂಪ್ಯೂಟರ್) ಶುರು ಮಾಡುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ಗಿಯರ್, ಸ್ವಿಚ್, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮಾಡಬಹುದಾದ ಕೆಲಸವನ್ನು ಪ್ರೋಗ್ರಾಮ್ ಮೇಲೆ ಹೊರಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪರದೆಗೆ ಮೊದಲೇ ಮಣಿ ಚೈನ್ ಇತ್ತು. ಅದನ್ನು ಕೈಯ ಬದಲು ಮೋಟರ್ ಎಳೆಯಬೇಕು, ಅಷ್ಟೇ. ಎಷ್ಟು ಬಲ ಬೇಕು ಅಂತ ತಿಳಿಯಲು ಕೊಕ್ಕೆ ಇರುವ ತೂಕದ ಮಾಪಕವನ್ನು ಚೈನಿಗೆ ಸಿಕ್ಕಿಸಿ ಮೆಲ್ಲಗೆ ಎಳೆದೆ. ಪರದೆ ಪೂರ್ತಿ ಇಳಿದಿರುವಾಗ ಬಟ್ಟೆಯ ಭಾರವೆಲ್ಲ ನೇತಾಡುತ್ತಿರುತ್ತದೆ, ಆಗಲೇ ಜಾಸ್ತಿ ಬಲ ಬೇಕು. ಮಾಪಕ ಸುಮಾರು 1.5 ಕೆಜಿ ತೋರಿಸಿತು. ಚೈನ್ ಹಿಡಿಯುವ ರಾಟೆಯ ತ್ರಿಜ್ಯ 1.16 ಸೆಂ.ಮೀ. ಎರಡನ್ನೂ ಗುಣಿಸಿದರೆ 1.74 ಕೆಜಿ-ಸೆಂ.ಮೀ. ಟಾರ್ಕ್, ಅಂದರೆ ತಿರುಗಿಸುವ ಬಲ. ಉಜ್ಜುವಿಕೆ, ಧೂಳು, ಹಳೆಯದಾಗುವುದು ಎಲ್ಲಕ್ಕೂ ಸೇರಿಸಿ ಇದರ ಎರಡರಷ್ಟು, ಅಂದರೆ 3.5 ಕೆಜಿ-ಸೆಂ.ಮೀ. ಕೊಡುವ 6 ವೋಲ್ಟ್ ಗಿಯರ್ ಮೋಟರ್ ಹುಡುಕಿದೆ.

ಆರಿಸಿದ್ದು ವರ್ಮ್ ಗಿಯರ್ ಇರುವುದನ್ನು. ವರ್ಮ್ ಅಂದರೆ ತಿರುಪಿನಂಥ ದಂಡ. ಒಂದೇ ಎಳೆಯ ವರ್ಮ್ ಒಂದು ಸುತ್ತು ಬಂದರೆ ಎದುರಿನ ಚಕ್ರ ಒಂದೇ ಹಲ್ಲು ಮುಂದೆ ಹೋಗುತ್ತದೆ. ಚಕ್ರಕ್ಕೆ 30 ಹಲ್ಲಿದ್ದರೆ ವೇಗ ಒಂದೇ ಸಲಕ್ಕೆ 30ರಲ್ಲಿ 1 ಭಾಗಕ್ಕೆ ಇಳಿಯುತ್ತದೆ. ಇದರಲ್ಲಿ ಉಜ್ಜುವಿಕೆ ಜಾಸ್ತಿ, ಶಕ್ತಿ ಪೋಲಾಗುತ್ತದೆ, ನಿಜ. ಆದರೆ ಅದೇ ಉಜ್ಜುವಿಕೆಯಿಂದಾಗಿ ಚಕ್ರದ ಕಡೆಯಿಂದ ವರ್ಮ್ ಅನ್ನು ತಿರುಗಿಸಲು ಆಗುವುದಿಲ್ಲ. ಹಾಗಂತ ಪರದೆಯ ಭಾರ ಹಿಡಿಯಲು ಇದು ಬೇಕಿರಲಿಲ್ಲ, ಅದಕ್ಕೆ ಪರದೆಯ ರೋಲರ್‌ನಲ್ಲೇ ಇರುವ ಕ್ಲಚ್ (ಜಾರದಂತೆ ಹಿಡಿಯುವ ಭಾಗ) ಸಾಕು. ವರ್ಮ್‌ನಿಂದ ನನಗೆ ಬೇಕಿದ್ದದ್ದು ಬೇರೆ ಎರಡು: ಕರೆಂಟ್ ನಿಂತ ತಕ್ಷಣ ರಾಟೆಯೂ ನಿಲ್ಲಬೇಕು, ಮತ್ತು ಮೋಟರ್ ಗೋಡೆಗೆ ಒರಗಿ ಉದ್ದಕ್ಕೆ ಮಲಗಬೇಕು.

ನಾನು ಅತಿ ಹೆಚ್ಚು ಹೊತ್ತು ಕೂತದ್ದು ರಾಟೆಯ ಮೇಲೆ. ಮಣಿಯಿಂದ ಮಣಿಗೆ ಇರುವ ದೂರವನ್ನು ಒಂದು ಜೋಡಿ ಮಾತ್ರ ಹಿಡಿದು ಅಳೆಯಬಾರದು. ಅಲ್ಲಿ 0.1 ಮಿ.ಮೀ. ತಪ್ಪಿದರೂ, ರಾಟೆಯ ಅರ್ಧ ಸುತ್ತಿನಲ್ಲಿ ಕೂರುವ 6 ಮಣಿ ದಾಟುವಷ್ಟರಲ್ಲಿ ಅದು ಅರ್ಧ ಮಿಲಿಮೀಟರ್ ಆಗುತ್ತದೆ, ಮಣಿ ಗುಳಿಯಿಂದ ಮೇಲೆ ಹತ್ತುತ್ತದೆ. ಅದಕ್ಕೆ 20 ಅಂತರಗಳನ್ನು ಒಟ್ಟಿಗೆ ಅಳೆದೆ. 120 ಮಿ.ಮೀ. ಬಂತು, ಅಂದರೆ ಒಂದಕ್ಕೆ 6. ನನ್ನ ರಾಟೆಗೆ 12 ಗುಳಿ. 72 ಮಿ.ಮೀ. ಸುತ್ತಳತೆ ಅಂತ ಹಿಡಿದರೆ ವ್ಯಾಸ 22.9 ಮಿ.ಮೀ. ಬರುತ್ತದೆ. ಆದರೆ ದಾರ ಮಣಿಯಿಂದ ಮಣಿಗೆ ನೇರವಾಗಿ ಹೋಗುತ್ತದೆ ಅಲ್ವಾ? ಹಾಗಾಗಿ ಮಣಿಗಳು ಕೂರುವುದು 12 ಬದಿಗಳ ಆಕೃತಿಯ ಮೂಲೆಗಳಲ್ಲಿ. ಆ ಲೆಕ್ಕಕ್ಕೆ ವ್ಯಾಸ 23.2 ಮಿ.ಮೀ. ಕಾಗದದ ಮೇಲೆ ಈ 0.3 ಏನೂ ಅಲ್ಲ ಅನ್ನಿಸುತ್ತದೆ. ಚೈನ್ ಸದ್ದಿಲ್ಲದೆ ಓಡುತ್ತದೋ ಕಟಕಟ ಅನ್ನುತ್ತದೋ ಅನ್ನುವುದು ಅದರ ಮೇಲೇ ನಿಂತಿದೆ.

ರಾಟೆಯನ್ನು ನಡುವೆ ಸೀಳಿ ಎರಡು ಬಿಲ್ಲೆಗಳಾಗಿ 3ಡಿ ಪ್ರಿಂಟ್ ಮಾಡಿದೆ. ಹಾಗೆ ಮಾಡಿದರೆ ಅರ್ಧ ಗುಳಿಗಳೆಲ್ಲ ಮೇಲ್ಮುಖವಾಗಿರುತ್ತವೆ, ಆಸರೆ ಪದರ ಬೇಕಾಗುವುದಿಲ್ಲ, ಗುಳಿ ನುಣುಪಾಗಿ ಬರುತ್ತದೆ. ಆಮೇಲೆ 3 ಮಿ.ಮೀ. ಸ್ಕ್ರೂ ಹಾಕಿ ಎರಡನ್ನೂ ಬಿಗಿದರಾಯಿತು. ಮೋಟರ್ ದಂಡ ಕೂರುವ ತೂತಿಗೆ 0.2 ಮಿ.ಮೀ. ಸಡಿಲ ಬಿಟ್ಟೆ. ಬಳಸಿದ ಪ್ಲಾಸ್ಟಿಕ್ ಪಿಇಟಿಜಿ. 3ಡಿ ಪ್ರಿಂಟ್‌ಗೆ ಬಳಸುವ ಇನ್ನೊಂದು ಪ್ಲಾಸ್ಟಿಕ್ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲು ಬೀಳುವ ಗಾಜಿನ ಪಕ್ಕದಲ್ಲಿ ನನಗೆ ಅದರ ಮೇಲೆ ಭರವಸೆ ಇಲ್ಲ.

ಮೋಟರ್ ಕೂರುವ ಹಲಗೆ 3 ಮಿ.ಮೀ. ಪ್ಲೈವುಡ್, ಲೇಸರ್‌ನಲ್ಲಿ ಕತ್ತರಿಸಿದ್ದು. ಅದರಲ್ಲಿ ಸ್ಕ್ರೂಗಳಿಗೆ ದುಂಡನೆ ತೂತಿನ ಬದಲು ಉದ್ದನೆ ಸೀಳು ಇಟ್ಟೆ. ಹಲಗೆಯನ್ನು ಕೆಳಗೆ ಜಾರಿಸಿ ಬಿಗಿದರೆ ಚೈನ್ ಎಳೆದು ನಿಲ್ಲುತ್ತದೆ. ಮೇಲೆ ಜಾರಿಸಿದರೆ ಚೈನ್ ಸಡಿಲವಾಗಿ ರಾಟೆಯಿಂದ ಕಳಚುತ್ತದೆ, ಕರೆಂಟ್ ಇಲ್ಲದಾಗ ಕೈಯಿಂದಲೇ ಎಳೆಯಬಹುದು. ಇದರಲ್ಲಿ ಇನ್ನೊಂದು ದೊಡ್ಡ ಲಾಭ ಇದೆ. ಸಡಿಲವಾಗಿ ನೇತಾಡುವ ಚೈನ್ ಕುಣಿಕೆ ಪುಟ್ಟ ಮಕ್ಕಳ ಕುತ್ತಿಗೆಗೆ ಅಪಾಯ. ಗೋಡೆಗೆ ಬಿಗಿದು ಎಳೆದಿಟ್ಟ ಚೈನಿನಲ್ಲಿ ಆ ಕುಣಿಕೆಯೇ ಇರುವುದಿಲ್ಲ. ಮೋಟರ್ ಇರಲಿ ಬಿಡಲಿ, ಚೈನ್ ಪರದೆ ಇರುವವರು ಇದೊಂದನ್ನು ಮಾಡಲೇಬೇಕು.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ಪರದೆ ತುದಿ ಮುಟ್ಟಿದಾಗ ಮೋಟರ್ ನಿಲ್ಲಿಸಲು ಮೇಲೊಂದು, ಕೆಳಗೊಂದು ಲಿಮಿಟ್ ಸ್ವಿಚ್ ಇಟ್ಟೆ. ಅವುಗಳ ವೈರನ್ನು ಬೋರ್ಡಿಗೆ ಕೊಡಲಿಲ್ಲ. ಮೋಟರ್‌ಗೆ ಹೋಗುವ ದಾರಿಯಲ್ಲೇ ಸಾಲಾಗಿ ಜೋಡಿಸಿದೆ. ಒತ್ತದೇ ಇದ್ದಾಗ ಕೂಡಿರುವ, ಒತ್ತಿದಾಗ ಬಿಡುವ ತುದಿಗಳನ್ನೇ ಬಳಸಿದೆ. ಪ್ರತಿ ಸ್ವಿಚ್‌ಗೂ ಅಡ್ಡಲಾಗಿ ಒಂದೊಂದು 1ಎನ್4007 ಡಯೋಡ್, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ. ಪರದೆ ಕೆಳಗೆ ಬಂದು ಸ್ವಿಚ್ ಒತ್ತಿದರೆ ಇಳಿಯುವ ದಿಕ್ಕಿನ ಕರೆಂಟ್ ಕಡಿಯುತ್ತದೆ. ಏರುವ ದಿಕ್ಕಿನ ಕರೆಂಟ್ ಮಾತ್ರ ಡಯೋಡ್ ಮೂಲಕ ಹಾಯುತ್ತದೆ. ಪರದೆ ಒಂದಿಷ್ಟು ಮೇಲೆ ಹೋದರೆ ಸ್ವಿಚ್ ಮತ್ತೆ ಕೂಡುತ್ತದೆ, ಡಯೋಡ್ ನುಂಗುವ 0.7 ವೋಲ್ಟ್ ಕೂಡ ಉಳಿಯುತ್ತದೆ. ಪ್ರೋಗ್ರಾಮ್ ಕೈಕೊಟ್ಟರೂ ಮೋಟರ್ ನಿಂತೇ ನಿಲ್ಲುತ್ತದೆ.

ಮೋಟರ್ ಎರಡೂ ದಿಕ್ಕಿಗೆ ತಿರುಗಬೇಕಾದ್ದರಿಂದ ಕರೆಂಟಿನ ದಿಕ್ಕು ಬದಲಿಸುವ ಎಚ್-ಬ್ರಿಡ್ಜ್ ಸರ್ಕ್ಯೂಟ್ ಬೇಕು. ಅದಕ್ಕೆ ಎಲ್ಲೆಡೆ ಕಾಣುವ ಎಲ್298 ಚಿಪ್ ನಾನು ತೆಗೆದುಕೊಳ್ಳಲಿಲ್ಲ. ಅದರೊಳಗಿನ ಹಳೆಯ ಬಗೆಯ ಟ್ರಾನ್ಸಿಸ್ಟರ್‌ಗಳು 2 ವೋಲ್ಟ್‌ನಷ್ಟು ನುಂಗುತ್ತವೆ. ಇರುವ 6ರಲ್ಲಿ 2 ಹೋದರೆ ಉಳಿಯುವುದೇನು? ಅಷ್ಟೊಂದು ನುಂಗದ ಮಾಸ್‌ಫೆಟ್ ಬಗೆಯ ಟ್ರಾನ್ಸಿಸ್ಟರ್ ಇರುವ ಟಿಬಿ6612 ಚಿಪ್ ಹಾಕಿದೆ. ಮೋಟರ್ ತುದಿಗಳಿಗೆ ಅಡ್ಡಲಾಗಿ 100 ನ್ಯಾನೋಫ್ಯಾರಡ್‌ನ ಕೆಪಾಸಿಟರ್ ಬೆಸೆದೆ. ಬ್ರಷ್‌ಗಳ ಕಿಡಿಯಿಂದ ಏಳುವ ಗದ್ದಲವನ್ನು ಅದು ಅಲ್ಲೇ ತಡೆಯುತ್ತದೆ.

ಬೆಳಕು ನೋಡುವುದು ಎಲ್‌ಡಿಆರ್ (ಬೆಳಕು ಹೆಚ್ಚಿದಷ್ಟೂ ರೋಧ ಇಳಿಯುವ ಬಿಡಿಭಾಗ), ಜೊತೆಗೆ 10 ಕಿಲೋ ಓಮ್ ರೆಸಿಸ್ಟರ್. ಎಲ್‌ಡಿಆರ್ ಗಾಜಿಗೂ ಪರದೆಗೂ ನಡುವೆ, ಹೊರಮುಖವಾಗಿ ಇರಬೇಕು. ಕೋಣೆಯ ಕಡೆಗಿದ್ದರೆ ದೀಪ ಹಾಕಿದ ಕೂಡಲೇ ಬೆಳಗಾಯಿತು ಅಂದುಕೊಳ್ಳುತ್ತದೆ. ಬೋರ್ಡ್ ಬೆಳಕನ್ನು ಓದುವ 0ಯಿಂದ 1023ರವರೆಗಿನ ಅಳತೆಯಲ್ಲಿ 300ಕ್ಕಿಂತ ಕೆಳಗೆ ಬಂದರೆ ಇಳಿ, 450 ದಾಟಿದರೆ ಏಳು ಅಂತ ಬರೆದೆ. ಒಂದೇ ಗಡಿ ಇಟ್ಟರೆ ಮುಸ್ಸಂಜೆಯಲ್ಲಿ ಪರದೆ ಸುಮ್ನೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಬೆಳಕು 2 ನಿಮಿಷ ಹಾಗೇ ಉಳಿದರೆ ಮಾತ್ರ ಚಲಿಸು ಅನ್ನುವ ಸಾಲೂ ಇದೆ, ಮೋಡ ಹಾದುಹೋದರೆ ಪರದೆ ಕದಲಬಾರದಲ್ಲ. ಪರದೆ ಎಲ್ಲಿದೆ ಅಂತ ಪ್ರೋಗ್ರಾಮ್‌ಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಪೂರ್ತಿ ಓಟಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಕರೆಂಟ್ ಕೊಟ್ಟು ಸುಮ್ಮನಾಗುತ್ತದೆ.

ನೀವೂ ಮಾಡುವುದಾದರೆ ಬೋರ್ಡ್ ಜೋಡಿಸುವ ಮೊದಲು ಬರೀ ಬ್ಯಾಟರಿ ಹಚ್ಚಿ ನೋಡಿ. ವೈರ್ ಒಂದು ರೀತಿ ಹಿಡಿದರೆ ಪರದೆ ಇಳಿದು ತಾನೇ ನಿಲ್ಲಬೇಕು, ಅದಲುಬದಲು ಮಾಡಿದರೆ ಏರಿ ತಾನೇ ನಿಲ್ಲಬೇಕು. ತುದಿಯಲ್ಲಿ ನಿಲ್ಲದೇ ಹೋದರೆ ಆ ಕಡೆಯ ಡಯೋಡ್ ತಿರುವುಮುರುವಾಗಿದೆ ಅಂತ ಅರ್ಥ, ತೆಗೆದು ತಿರುಗಿಸಿ ಬೆಸೆಯಿರಿ.