ಜೂನ್ ಬರುವ ಮೊದಲೇ ಜೂನ್ ಖರ್ಚಿನ ದುಡ್ಡು

ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ನಾನು ಕೊರಳ ಸರ ಅಡವಿಟ್ಟೆ. ಶಾಲೆ ಫೀಸು, ಯೂನಿಫಾರ್ಮು, ರೇನ್‌ಕೋಟು, ಸ್ಕೂಟರ್ ವಿಮೆ, ಹಳೇ ಮನೆಯ ಸೋರುವ ಹೆಂಚು ಎಲ್ಲವೂ ಹದಿನೈದೇ ದಿನದಲ್ಲಿ ಎದುರು ನಿಂತವು. ನಾವೇನೂ ದುಂದು ಮಾಡುವವರಲ್ಲ. ಆದರೂ ಕೈ ಖಾಲಿ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಮೇಲೆ ಶಿವಮೊಗ್ಗದ ನಮ್ಮ ಪುಟ್ಟ ಮನೆಯಲ್ಲಿ ಶುರು ಮಾಡಿದ ಲೆಕ್ಕ ಇದು.

ಮೊದಲ ತಿಂಗಳು ಸುಮ್ನೆ ಬರೆಯಿರಿ. ಯಾವುದನ್ನೂ ಕಡಿಮೆ ಮಾಡಲು ಹೋಗಬೇಡಿ. ಒಂದು ನೋಟ್‌ಬುಕ್ ಸಾಕು. ರಾತ್ರಿ ಊಟ ಆದ ಮೇಲೆ ಗಂಡ ಹೆಂಡತಿ ಇಬ್ಬರೂ ಫೋನ್ ತೆಗೆದು ಅವತ್ತು ಯುಪಿಐಯಲ್ಲಿ ಹೋದ ದುಡ್ಡು ನೋಡಿ, ಬರೆದುಬಿಡಿ. ಐದು ನಿಮಿಷದ ಕೆಲಸ. ಗಾಂಧಿ ಬಜಾರಿನಲ್ಲಿ ನೋಟು ಎಣಿಸಿ ಕೊಡುವಾಗ ದುಡ್ಡು ಹೋಗುವುದು ಕೈಗೆ ಗೊತ್ತಾಗುತ್ತದೆ. ಸ್ಕ್ಯಾನ್ ಮಾಡಿದ ಇಪ್ಪತ್ತು, ನಲವತ್ತು ರೂಪಾಯಿ ನೆನಪಲ್ಲೇ ಉಳಿಯುವುದಿಲ್ಲ, ಅಲ್ವಾ?

ತಿಂಗಳ ಕೊನೆಗೆ ಮೂರು ಭಾಗ ಮಾಡಿ: ಬಿಡಲಾಗದ್ದು, ಹೆಚ್ಚು ಕಡಿಮೆ ಮಾಡಬಹುದಾದದ್ದು, ಸಾಲದ ಕಂತು.

ಈಗ ಮುಖ್ಯವಾದ ಕೆಲಸ. ಬೇರೆ ಪುಟದಲ್ಲಿ ವರ್ಷದ ಖರ್ಚುಗಳನ್ನು ತಿಂಗಳ ಹೆಸರಿನ ಎದುರು ಬರೆಯಿರಿ. ನಮ್ಮದು ಹೀಗಿತ್ತು: ಶಾಲೆಗೆ 24,000, ಜೀವವಿಮೆಗೆ 12,000, ಗೌರಿ ಗಣೇಶ ಮತ್ತು ದೀಪಾವಳಿಗೆ 6,000, ಮದುವೆ ಮುಯ್ಯಿಗೆ 6,000, ಮಳೆಗಾಲದ ಸಾಮಾನಿಗೆ 4,000, ಸ್ಕೂಟರ್ ವಿಮೆಗೆ 2,000. ಒಟ್ಟು 54,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 4,500. ಸಂಬಳ ಬಂದ ದಿನವೇ ಅಷ್ಟು ದುಡ್ಡು ಇನ್ನೊಂದು ಉಳಿತಾಯ ಖಾತೆಗೆ ಹೋಗಬೇಕು. ಆ ಖಾತೆಗೆ ಯುಪಿಐ ಜೋಡಿಸಬೇಡಿ. ಮಾರಿ ಜಾತ್ರೆ ಇರುವ ವರ್ಷ ನೆಂಟರು ಬರುತ್ತಾರೆ, ಆ ಪುಟಕ್ಕೆ ಒಂದು ಸಾಲು ಜಾಸ್ತಿ ಸೇರಿಸಿ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ನಂಬಿದ ಮನೆಗಳಿಗೆ ಲೆಕ್ಕ ತಿರುಗುಮುರುಗು. ಅಲ್ಲಿ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಅಡಿಕೆ ಕೊಟ್ಟಾಗ ಒಟ್ಟಿಗೆ ಬರುತ್ತದೆ. ಬಂದ ದುಡ್ಡಿನಲ್ಲಿ ಮೊದಲು ತೋಟದ ಖರ್ಚು ತೆಗೆದಿಡಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರ ಕೂಲಿ, ಗೊಬ್ಬರ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದು, ಯಾವುದೂ ತಪ್ಪುವುದಿಲ್ಲ. ಉಳಿದದ್ದನ್ನು ಹನ್ನೆರಡು ಪಾಲು ಮಾಡಿ, ಪ್ರತಿ ತಿಂಗಳು ಒಂದೇ ಪಾಲು ಮನೆಖರ್ಚಿನ ಖಾತೆಗೆ ಹಾಕಿಕೊಳ್ಳಿ. ನಿಮಗೆ ನೀವೇ ಸಂಬಳ ಕೊಟ್ಟುಕೊಂಡ ಹಾಗೆ. ಅಡಿಕೆ ಕೊಳ್ಳುವ ಮಂಡಿಯಲ್ಲಿ ಮುಂಗಡ ತೆಗೆದಿದ್ದರೆ ಅದನ್ನು ಸಾಲ ಅಂತಲೇ ಬರೆಯಿರಿ, ಆದಾಯ ಅಂತ ಬರೆಯಬೇಡಿ.

ಉಳಿತಾಯದ ವಿಷಯದಲ್ಲಿ ನನ್ನ ಮಾತು ಒಂದೇ: ಮೊದಲು ಬೇಗ ಕೈಗೆ ಸಿಗುವ ದುಡ್ಡು ಕೂಡಿಡಿ. ಮೂರು ತಿಂಗಳ ಮನೆಖರ್ಚಿನಷ್ಟಾದರೂ ಇರಲಿ. ಮಕ್ಕಳಿಗೆ ಜ್ವರ ಬಂದ ರಾತ್ರಿ ಕೆಲಸಕ್ಕೆ ಬರುವುದು ಅದೇ. ಆಮೇಲೆ ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌ಡಿ ಇದೆ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಅವಧಿ 5 ವರ್ಷ. ಹತ್ತು ವರ್ಷದೊಳಗಿನ ಮಗಳಿದ್ದರೆ ಅವಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆ ತೆರೆಯಿರಿ. ವರ್ಷಕ್ಕೆ 250ರಿಂದ 1.5 ಲಕ್ಷ ರೂಪಾಯಿವರೆಗೆ, 15 ವರ್ಷ ಕಟ್ಟಬಹುದು. ಆದರೆ ಅದು ಬೇಕೆಂದಾಗ ಸಿಗುವ ದುಡ್ಡಲ್ಲ, ಅದಕ್ಕೇ ಅದನ್ನು ಆಮೇಲೆ ಅಂದದ್ದು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಯಾದರೆ, ದಿನಸಿಯಲ್ಲಿ ಕರಗಿಸದೆ ಇಂಥದ್ದಕ್ಕೆ ಹಾಕಬಹುದು.

ತಿಂಗಳ ಮೊದಲ ಭಾನುವಾರ ಇಬ್ಬರೂ ಕೂತು ಪುಸ್ತಕ ನೋಡಿ. ಯಾರು ಜಾಸ್ತಿ ಖರ್ಚು ಮಾಡಿದರು ಅಂತ ಹುಡುಕಬೇಡಿ, ಜಗಳ ಆದರೆ ಮುಂದಿನ ತಿಂಗಳು ಪುಸ್ತಕವೇ ಹೊರಗೆ ಬರುವುದಿಲ್ಲ. ಒಂದೇ ಒಂದು ಸಾಲು ಆರಿಸಿ, ಅದರಲ್ಲಿ ಎಷ್ಟು ಇಳಿಸಬಹುದು ನೋಡಿ. ನಮ್ಮ ಮನೆಯಲ್ಲಿ ಅದು ಸಂಜೆಯ ಬೇಕರಿ ಖರ್ಚಾಗಿತ್ತು. ಪೂರ್ತಿ ಬಿಡಲಿಲ್ಲ, ವಾರಕ್ಕೆ ಎರಡು ಸಲಕ್ಕೆ ಇಳಿಸಿದೆವು.

ಸರ ಬಿಡಿಸಿಕೊಳ್ಳಲು ಹನ್ನೊಂದು ತಿಂಗಳು ಹಿಡಿಯಿತು. ಮುಂದಿನ ಜೂನಿನಲ್ಲಿ ಫೀಸು ಕಟ್ಟಿದ್ದು ಆ ಎರಡನೇ ಖಾತೆಯಿಂದ.